‘ಗೋಲ್ಡ್’ ಮಂಡಿ ಮೂಳೆಗೆ ಗಟ್ಟಿಯಾಗಿ ಅಂಟುತ್ತದೆಯೇ? ಇಂಪ್ಲಾಂಟ್ ಕೋಟಿಂಗ್‌ಗಳ ಬಗ್ಗೆ ತಿಳಿಯಬೇಕಾದದ್ದು

ಮನೆಯಲ್ಲಿ ಅಮ್ಮನಿಗೋ ಅಜ್ಜಿಗೋ ಮಂಡಿ ಆಪರೇಷನ್ ಆಗಬೇಕು ಎಂದು ಗೊತ್ತಾದರೆ ಸಾಕು, ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಸಲಹೆಗಳ ಸುರಿಮಳೆ. ‘ಮಾಮೂಲಿ ಲೋಹ ಹಾಕಿಸಬೇಡಿ, ಒಳಗೇ ತುಕ್ಕು ಹಿಡಿಯುತ್ತದೆ.’ ‘ಗೋಲ್ಡ್ ಕೋಟಿಂಗ್ ಇರುವುದನ್ನೇ ಹಾಕಿಸಿ, ಮೂಳೆಗೆ ಅಂಟಿಕೊಂಡು 30 ವರ್ಷ ಬಾಳುತ್ತದೆ.’ ದುಡ್ಡು ಹೆಚ್ಚಾದರೂ ಪರವಾಗಿಲ್ಲ, ಅಮ್ಮನಿಗೆ ಒಳ್ಳೆಯದೇ ಇರಲಿ ಎಂದು ಮಕ್ಕಳು ಸಾಲ ಮಾಡಿಯಾದರೂ ಒಪ್ಪಿಕೊಳ್ಳುತ್ತಾರೆ. ಹೀಗೆ ಒಪ್ಪುವ ಮೊದಲು ಯಾವ ಕೋಟಿಂಗ್ ಏನು ಕೆಲಸ ಮಾಡುತ್ತದೆ ಎಂದು ನೋಡೋಣ.

ಚುಟುಕಾಗಿ ಹೇಳುವುದಾದರೆ

- ಲೋಹ ಮೂಳೆಯೊಂದಿಗೆ ಬೆಸೆಯಲು ನೆರವಾಗುವ ಕೋಟಿಂಗ್‌ಗಳು ನಿಜವಾಗಿಯೂ ಇವೆ.
- ಮಂಡಿಯ ಚಿನ್ನದ ಬಣ್ಣದ ಕೋಟಿಂಗ್ ಆ ಕೆಲಸಕ್ಕಾಗಿ ಮಾಡಿದ್ದಲ್ಲ. ಅದರಲ್ಲಿ ಚಿನ್ನವೂ ಇಲ್ಲ.
- ಕೋಟಿಂಗ್ ಇಲ್ಲದ ಇಂಪ್ಲಾಂಟ್ ಬೇಗ ಹಾಳಾಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ.

ಮೂಳೆ ಲೋಹದೊಂದಿಗೆ ಬೆಸೆಯುವುದೇ?

ಬೆಸೆಯುತ್ತದೆ. ಇದು ತಿಳಿದದ್ದು ಆಕಸ್ಮಿಕವಾಗಿ. 1952ರಲ್ಲಿ ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಮೂಳೆಯೊಳಗೆ ರಕ್ತ ಹರಿಯುವುದನ್ನು ನೋಡಲು ಮೊಲದ ಕಾಲಿನ ಮೂಳೆಯಲ್ಲಿ ಟೈಟಾನಿಯಂನ ಪುಟ್ಟ ಸಾಧನವನ್ನು ಕೂರಿಸಿದ್ದರು. ಪ್ರಯೋಗ ಮುಗಿದ ಮೇಲೆ ಅದನ್ನು ತೆಗೆಯಲು ಹೋದರೆ ಬರಲೇ ಇಲ್ಲ. ಮೂಳೆ ಅದರ ಸುತ್ತ ಬೆಳೆದು ಬಿಗಿಯಾಗಿ ಹಿಡಿದುಕೊಂಡಿತ್ತು. ಅದನ್ನೇ ಬೆನ್ನು ಹತ್ತಿದ ಅವರು 1965ರಲ್ಲಿ ಮೊದಲ ಬಾರಿಗೆ ಮನುಷ್ಯರ ದವಡೆಗೆ ಟೈಟಾನಿಯಂ ಬೇರುಗಳನ್ನು ಕೂರಿಸಿದರು. ಇಂದಿನ ಹಲ್ಲಿನ ಇಂಪ್ಲಾಂಟ್‌ಗಳ ಆರಂಭ ಅಲ್ಲಿಂದಲೇ.

ಟೈಟಾನಿಯಂಗೆ ಗಾಳಿ ತಾಗಿದ ತಕ್ಷಣ ಅದರ ಮೇಲೆ ಆಕ್ಸೈಡಿನ ತೀರಾ ತೆಳುವಾದ ಪದರ ಮೂಡುತ್ತದೆ. ಕಬ್ಬಿಣದ ತುಕ್ಕು ಉದುರುತ್ತಾ ಒಳಗಿನ ಲೋಹವನ್ನೂ ತಿನ್ನುತ್ತದೆ. ಈ ಪದರ ಹಾಗಲ್ಲ, ಗಟ್ಟಿಯಾಗಿ ನಿಂತು ಒಳಗಿನ ಲೋಹವನ್ನು ಕಾಯುತ್ತದೆ. ಮಂಡಿಗೆ ಹೆಚ್ಚಾಗಿ ಬಳಸುವ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹಕ್ಕೂ ಇಂಥ ರಕ್ಷಾಪದರ ಇರುತ್ತದೆ. ಹಾಗಾಗಿ ಮನೆಯ ಗೇಟು ತುಕ್ಕು ಹಿಡಿದಂತೆ ಇಂಪ್ಲಾಂಟ್ ತುಕ್ಕು ಹಿಡಿಯುತ್ತದೆ ಎಂಬ ಭಯ ಬೇಡ.

ಹಾಗಿದ್ದರೆ ಮೂಳೆ ಬೆಸೆಯುವ ಕೋಟಿಂಗ್ ಯಾವುದು?

ಮುಖ್ಯವಾಗಿ ಎರಡು ದಾರಿಗಳಿವೆ.

ಒಂದು, ಮೇಲ್ಮೈಯನ್ನು ಒರಟಾಗಿ, ಸ್ಪಂಜಿನಂತೆ ಸಣ್ಣ ರಂಧ್ರಗಳಿರುವಂತೆ ಮಾಡುವುದು. ನುಣ್ಣಗಿನ ಗೋಡೆಗೆ ಗಾರೆ ನಿಲ್ಲದು ಎಂದು ಮೇಸ್ತ್ರಿ ಗೋಡೆಯನ್ನು ಕೊತ್ತಿ ಒರಟು ಮಾಡುತ್ತಾರಲ್ಲ, ಹಾಗೆಯೇ ಇದು. ಮಿಲಿಮೀಟರಿನ ಹತ್ತನೇ ಒಂದು ಭಾಗದಿಂದ ಹತ್ತನೇ ನಾಲ್ಕು ಭಾಗದಷ್ಟಿರುವ ಈ ರಂಧ್ರಗಳೊಳಗೆ ಹೊಸ ಮೂಳೆ ಬೆಳೆದು ಬೇರೂರುತ್ತದೆ.

ಇನ್ನೊಂದು, ಹೈಡ್ರಾಕ್ಸಿಅಪಟೈಟ್ ಎಂಬ ಕ್ಯಾಲ್ಸಿಯಂ ಫಾಸ್ಫೇಟ್ ಖನಿಜವನ್ನು ಲೇಪಿಸುವುದು. ನಮ್ಮ ಮೂಳೆಗೆ ಗಡಸುತನ ಕೊಡುವುದೂ ಇದೇ ಬಗೆಯ ಖನಿಜ. ಇದರ ಪುಡಿಯನ್ನು 10,000 ಡಿಗ್ರಿ ಸೆಲ್ಸಿಯಸ್‌ಗೂ ಮೀರಬಲ್ಲ ಪ್ಲಾಸ್ಮಾ ಜ್ವಾಲೆಯ ಮೂಲಕ ಹಾಯಿಸಿ, ಅರೆಕರಗಿದ ಕಣಗಳನ್ನು ಲೋಹದ ಮೇಲೆ ಎರಚುತ್ತಾರೆ. ಹೀಗೆ ಕೂರುವ ಪದರದ ದಪ್ಪ ಸಾಮಾನ್ಯವಾಗಿ 50ರಿಂದ 200 ಮೈಕ್ರಾನ್, ಅಂದರೆ ಒಂದೆರಡು ತಲೆಗೂದಲಿನಷ್ಟು. ಮೂಳೆ ಕಟ್ಟುವ ಜೀವಕೋಶಗಳಿಗೆ ಈ ಮೇಲ್ಮೈ ಪರಕೀಯವಲ್ಲ. ಅದರ ಮೇಲೆ ನೇರವಾಗಿ ಹೊಸ ಮೂಳೆ ಕಟ್ಟತೊಡಗುತ್ತವೆ. 1980ರ ದಶಕದ ಮಧ್ಯಭಾಗದಿಂದ ಸೊಂಟದ ಕೀಲುಗಳಲ್ಲಿ ಇದರ ಬಳಕೆಯಿದೆ.

ಇಲ್ಲಿ ಒಂದು ಮಾತು ನೆನಪಿರಲಿ: ಕೋಟಿಂಗ್ ಅಂಟಿನಂತೆ ಕೆಲಸ ಮಾಡುವುದಿಲ್ಲ. ಆಪರೇಷನ್ ದಿನ ಇಂಪ್ಲಾಂಟನ್ನು ಹಿಡಿದಿಡುವುದು ಡಾಕ್ಟರ್ ಅದನ್ನು ಮೂಳೆಯೊಳಗೆ ಎಷ್ಟು ಬಿಗಿಯಾಗಿ ಕೂರಿಸಿದ್ದಾರೆ ಎಂಬುದು. ಮುಂದಿನ ವಾರಗಳಲ್ಲಿ ಮೂಳೆ ನಿಧಾನವಾಗಿ ಬೆಳೆಯುತ್ತದೆ. ಈ ಅವಧಿಯಲ್ಲಿ ಇಂಪ್ಲಾಂಟ್ ಸುಮಾರು 150 ಮೈಕ್ರಾನ್‌ಗಿಂತ ಹೆಚ್ಚು ಅಲುಗಾಡುತ್ತಿದ್ದರೆ, ಮೂಳೆಯ ಬದಲು ಮೆತ್ತನೆಯ ನಾರಿನ ಪದರ ಬೆಳೆದು ಇಂಪ್ಲಾಂಟ್ ಸಡಿಲವೇ ಉಳಿಯಬಹುದು. ಅದಕ್ಕೇ ‘ಇಷ್ಟು ದಿನ ಇಷ್ಟೇ ಭಾರ ಹಾಕಿ’ ಎಂದು ಡಾಕ್ಟರ್ ಹೇಳಿದರೆ ಮೀರಬಾರದು. ಬೀಡಿ, ಸಿಗರೇಟು ಮೂಳೆ ಕೂಡುವುದನ್ನು ನಿಧಾನಿಸುತ್ತವೆ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಸೋಂಕಿನ ಅಪಾಯವನ್ನೂ ಹೆಚ್ಚಿಸುತ್ತದೆ.

ಚಿನ್ನದ ಬಣ್ಣದ ಮಂಡಿಯ ಕಥೆಯೇನು?

ಹಾರ್ಡ್‌ವೇರ್ ಅಂಗಡಿಯಲ್ಲಿ ಚಿನ್ನದಂತೆ ಹೊಳೆಯುವ ಡ್ರಿಲ್ ಬಿಟ್ ನೋಡಿರುತ್ತೀರಿ. ಅದರ ಮೇಲಿರುವುದು ಸಾಮಾನ್ಯವಾಗಿ ಟೈಟಾನಿಯಂ ನೈಟ್ರೈಡ್. ‘ಗೋಲ್ಡ್’ ಮಂಡಿಯ ಮೇಲೆ ಇರುವುದೂ ಅದೇ, ಇಲ್ಲವೇ ಅದಕ್ಕೆ ನಿಯೋಬಿಯಂ ಸೇರಿಸಿದ ಪದರ. ಬಣ್ಣ ಅದರ ಸಹಜ ಗುಣ, ಚಿನ್ನದಿಂದ ಬಂದದ್ದಲ್ಲ.

ಈ ಪದರ ಕೆಲವೇ ಮೈಕ್ರಾನ್ ದಪ್ಪ, ಆದರೆ ತುಂಬಾ ಗಡಸು. ಗೀರು ಬೀಳದಂತೆ ತಡೆಯುವುದು ಮತ್ತು ಒಳಗಿನ ಮಿಶ್ರಲೋಹದಿಂದ ಕೋಬಾಲ್ಟ್, ಕ್ರೋಮಿಯಂ, ನಿಕಲ್ ಅಂಶಗಳು ಹೊರಬರುವುದನ್ನು ಕಡಿಮೆ ಮಾಡುವುದು ಇದರ ಉದ್ದೇಶ. ಲೋಹದ ಅಲರ್ಜಿ ಇರುವವರಿಗೆ ಡಾಕ್ಟರ್ ಇದನ್ನು ಸೂಚಿಸಬಹುದು. ಅಗ್ಗದ ಓಲೆ, ವಾಚಿನ ಪಟ್ಟಿ ಹಾಕಿದಾಗ ಚರ್ಮ ಕೆಂಪಾಗಿ ತುರಿಕೆ ಬರುವವರು ಆಪರೇಷನ್‌ಗೆ ಮೊದಲೇ ಹೇಳಬೇಕಾದದ್ದು ಇದೇ ಕಾರಣಕ್ಕೆ.

‘ಮೂಳೆಗೆ ಅಂಟುತ್ತದೆ’ ಎಂಬುದು ಮಾತ್ರ ಬೇರೆ ಕೋಟಿಂಗ್‌ನ ಗುಣವನ್ನು ಇದಕ್ಕೆ ಹಚ್ಚಿದಂತೆ. ಅಷ್ಟೇ ಅಲ್ಲ, ಮಂಡಿ ಬದಲಾವಣೆಗಳಲ್ಲಿ ಬಹುಪಾಲು ಇಂಪ್ಲಾಂಟನ್ನು ಮೂಳೆಗೆ ಹಿಡಿಸುವುದು ‘ಬೋನ್ ಸಿಮೆಂಟ್’. ಇದು ಅಕ್ರಿಲಿಕ್ ಜಾತಿಯ ಪ್ಲಾಸ್ಟಿಕ್. ಕಲಸಿ ಹಚ್ಚಿದ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ಹೀಗೆ ಸಿಮೆಂಟ್ ಹಾಕಿ ಕೂರಿಸಿದಾಗ ಮೂಳೆ ಲೋಹದೊಳಕ್ಕೆ ಬೆಳೆಯಬೇಕಾದ ಪ್ರಸಂಗವೇ ಇಲ್ಲ.

ಕೋಟಿಂಗ್ ಇದ್ದರೆ ಹೆಚ್ಚು ವರ್ಷ ಬಾಳುವುದೇ?

ದುಡ್ಡಿನ ಪ್ರಶ್ನೆ ಬರುವುದು ಇಲ್ಲೇ. 2019ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ದೊಡ್ಡ ವಿಶ್ಲೇಷಣೆಯೊಂದು ಬಂತು. ರಾಷ್ಟ್ರೀಯ ದಾಖಲೆಗಳ ಲೆಕ್ಕದಂತೆ ಪೂರ್ತಿ ಮಂಡಿ ಬದಲಾವಣೆಗಳಲ್ಲಿ ಸುಮಾರು 82 ಶೇಕಡಾ 25 ವರ್ಷ ಬಾಳಿವೆ. ಆ ಮಂಡಿಗಳೆಲ್ಲ ದಶಕಗಳ ಹಿಂದೆ ಹಾಕಿದವು, ಚಿನ್ನದ ಬಣ್ಣದ ಜಾಹೀರಾತುಗಳು ಬರುವ ಮೊದಲಿನವು.

ಚಿನ್ನದ ಬಣ್ಣದ ಕೋಟಿಂಗ್ ಇರುವ ಮತ್ತು ಇಲ್ಲದ ಮಂಡಿಗಳನ್ನು ಹೋಲಿಸಿದ ಅಧ್ಯಯನಗಳಲ್ಲಿ, ಮೊದಲ ಕೆಲವು ವರ್ಷಗಳ ನೋವು ಮತ್ತು ಓಡಾಟದಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬಂದಿಲ್ಲ. ಸಿಮೆಂಟಿಲ್ಲದ ಸೊಂಟದ ಕೀಲುಗಳಲ್ಲಿ ಕೂಡ, ಹೈಡ್ರಾಕ್ಸಿಅಪಟೈಟ್ ಲೇಪಿಸಿದ ಕಾಂಡ ಲೇಪಿಸದ್ದಕ್ಕಿಂತ ಹೆಚ್ಚು ಬಾಳಿದೆ ಎಂದು ನಾರ್ಡಿಕ್ ದೇಶಗಳ ದಾಖಲೆಗಳು ತೋರಿಸಿಲ್ಲ. ಒರಟು ಮೇಲ್ಮೈ, ಒಳ್ಳೆಯ ವಿನ್ಯಾಸ ಇದ್ದರೆ ಲೇಪನವಿಲ್ಲದೆಯೂ ಮೂಳೆ ಚೆನ್ನಾಗಿ ಹಿಡಿಯುತ್ತದೆ.

ಮಂಡಿ ಕೆಡುವುದು ಹೆಚ್ಚಾಗಿ ಸೋಂಕಿನಿಂದ, ಇಂಪ್ಲಾಂಟ್ ಸಡಿಲವಾಗುವುದರಿಂದ, ಮಧ್ಯದ ಪ್ಲಾಸ್ಟಿಕ್ ಸವೆಯುವುದರಿಂದ ಅಥವಾ ಕೂರಿಸಿದ ಕೋನ ಸರಿಯಿಲ್ಲದ್ದರಿಂದ. ಇವುಗಳಲ್ಲಿ ಹೆಚ್ಚಿನವು ಶಸ್ತ್ರಚಿಕಿತ್ಸೆಯ ಗುಣಮಟ್ಟಕ್ಕೆ, ರೋಗಿಯ ಆರೈಕೆಗೆ ಸಂಬಂಧಿಸಿದವು.

ಒಪ್ಪಿಗೆ ಕೊಡುವ ಮೊದಲು ಕೇಳಿ

1. ಇಂಪ್ಲಾಂಟ್ ಕೂರಿಸುವುದು ಸಿಮೆಂಟ್ ಹಾಕಿಯೋ, ಹಾಕದೆಯೋ? ಯಾಕೆ?
2. ಕೋಟಿಂಗ್ ಇದ್ದರೆ ಅದು ಮೂಳೆ ಬೆಸೆಯಲೋ, ಸವೆತ ಅಥವಾ ಅಲರ್ಜಿ ತಡೆಯಲೋ?
3. ನಮ್ಮ ರೋಗಿಗೆ ಅದು ಬೇಕೇಬೇಕು ಎನ್ನಲು ಏನು ಕಾರಣ?
4. ಇದೇ ಮಾದರಿಯ ಇಂಪ್ಲಾಂಟ್ ಎಷ್ಟು ವರ್ಷಗಳಿಂದ ಬಳಕೆಯಲ್ಲಿದೆ?

ಬೆಲೆಯ ವಿಚಾರದಲ್ಲೂ ಕಾನೂನಿನ ಬೆಂಬಲವಿದೆ. ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ 2017ರ ಆಗಸ್ಟ್‌ನಲ್ಲಿ ಮಂಡಿ ಇಂಪ್ಲಾಂಟ್‌ಗಳಿಗೆ ಗರಿಷ್ಠ ಬೆಲೆ ಕಟ್ಟಿತು. ಆಗ ಕೋಬಾಲ್ಟ್-ಕ್ರೋಮಿಯಂ ಮಂಡಿಗೆ ಜಿಎಸ್‌ಟಿ ಬಿಟ್ಟು 54,720 ರೂಪಾಯಿ, ಟೈಟಾನಿಯಂನಂಥ ವಿಶೇಷ ಲೋಹದ್ದಕ್ಕೆ 76,600 ರೂಪಾಯಿ ನಿಗದಿಯಾಗಿತ್ತು. ಈಗಿನ ದರವನ್ನು ಪ್ರಾಧಿಕಾರದ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ಬಿಲ್ಲಿನಲ್ಲಿ ಇಂಪ್ಲಾಂಟಿನ ಬೆಲೆ, ಬ್ರ್ಯಾಂಡ್, ಬ್ಯಾಚ್ ಸಂಖ್ಯೆ ಪ್ರತ್ಯೇಕವಾಗಿ ಇರಲಿ. ಪೆಟ್ಟಿಗೆಯ ಮೇಲಿನ ಸ್ಟಿಕ್ಕರನ್ನು ಕೇಳಿ ಪಡೆದು ಡಿಸ್ಚಾರ್ಜ್ ಕಾಗದದ ಜೊತೆ ಜೋಪಾನವಾಗಿಡಿ. ಮುಂದೆ ಯಾವತ್ತಾದರೂ ಮತ್ತೆ ಆಪರೇಷನ್ ಬೇಕಾದರೆ ಡಾಕ್ಟರಿಗೆ ಮೊದಲು ಬೇಕಾಗುವುದು ಅದೇ.

ನಮ್ಮ ತೀರ್ಮಾನ

ಮೂಳೆಯೊಂದಿಗೆ ಬೆಸೆಯುವ ಕೋಟಿಂಗ್ ಇದೆ ಎಂಬುದು ನಿಜ. ಚಿನ್ನದ ಬಣ್ಣದ್ದು ಆ ಕೋಟಿಂಗ್ ಎಂಬುದು ತಪ್ಪು. ಅದಿಲ್ಲದಿದ್ದರೆ ಮಂಡಿ ಬಾಳದು ಎಂಬುದಕ್ಕೆ ಪುರಾವೆಯಿಲ್ಲ. ಅಲರ್ಜಿಯಂಥ ಕಾರಣವಿದ್ದು ಡಾಕ್ಟರ್ ಸೂಚಿಸಿದರೆ ಹಾಕಿಸಿ. ಬರೀ ಬಣ್ಣ ನೋಡಿ, ಫಾರ್ವರ್ಡ್ ನಂಬಿ ಸಾಲ ಮಾಡಬೇಡಿ. ಗ್ರೂಪಿನಲ್ಲಿ ಆ ಸಂದೇಶ ಮತ್ತೆ ಬಂದರೆ ಮೇಲಿನ ನಾಲ್ಕು ಪ್ರಶ್ನೆಗಳನ್ನು ಅಲ್ಲೇ ಹಾಕಿ.