ಬಚ್ಚಲ ತೂಬಿನ ಹಿಸ್ಟರಿ: ಕಟ್ಟಿದೋರ ಹೆಸರೈತಿ, ಕಸ ತೆಗೆದೋರ ಹೆಸರಿಲ್ಲ

(1/5)
ಹೋದ ಭಾನುವಾರ ನಮ್ಮನಿ ಬಚ್ಚಲು ಕಟ್ಕೊಂತು. ಶವರ್ ಬಿಟ್ರೆ ನೀರು ಹರಿಯೋದೇ ಇಲ್ಲ, ಪಾದ ಮುಳುಗೋವರೆಗೂ ನಿಂತ್ಕೊಂಡೈತಿ. ಅಪ್ಪ ಪೇಪರ್ ಓದ್ತಾನೇ "ಯಾರನ್ನಾರ ಕರಸ್ರಿ" ಅಂದ್ರು. ಆ 'ಯಾರನ್ನಾರ' ಅಂದ್ರೆ ಯಾವ ಓಣಿಯವರು ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳಲ್ಲ. ನನಗೆ ಯಾಕೋ ಅದು ಚುಚ್ಚಿತು. ಕೈಗೆ ಪ್ಲಾಸ್ಟಿಕ್ ಕವರ್ ಕಟ್ಕೊಂಡು ನಾನೇ ಕೂತೆ. ಜಾಲಿ ಎತ್ತಿ, ಒಳಗಿನ ಬಟ್ಟಲು ತೆಗೆದ್ರೆ ಕೂದಲ ಉಂಡೆ, ಅದರ ಮೇಲೆ ಬಿಳಿ ಗ್ರೀಸ್ ಥರ ಮೆತ್ತಿರೋ ಸೋಪು. ಇಪ್ಪತ್ತು ನಿಮಿಷದ ಕೆಲಸ ಅಷ್ಟೇ.

ಆಮೇಲೆ ತಲೆಯೊಳಗೆ ಹುಳ ಬಿಟ್ಕೊಂತು. ಬಚ್ಚಲು ಕಟ್ಕೊಳ್ಳೋದು ಎಷ್ಟು ಹಳೇ ಕಥೆ? ಆಗೆಲ್ಲ ಕೈ ಹಾಕ್ತಿದ್ದೋರು ಯಾರು? ಈ ಸಲದ ಸೀರೀಸ್ ಅದೇ.

(2/5)
ಸ್ಕೂಲಲ್ಲಿ ಎಲ್ಲರೂ ಓದಿದ್ದೀವಿ: ಮೊಹೆಂಜೊದಾರೊ, ಸುಮಾರು 4500 ವರ್ಷದ ಹಿಂದೆ, ಮನೆಮನೆಗೂ ಸ್ನಾನದ ಜಾಗ, ಇಳಿಜಾರಾಗಿ ಹಾಸಿದ ಇಟ್ಟಿಗೆ ನೆಲ, ನೀರು ಬೀದಿ ಚರಂಡಿಗೆ. ಎರಡು ಮಾರ್ಕ್ಸ್ ಪ್ರಶ್ನೆ, ಬರೆದು ಮರೆತ್ವಿ. ಪಠ್ಯಪುಸ್ತಕದಲ್ಲಿ ನಾನು ನೋಡದ ಒಂದು ವಿಷಯ ಹೇಳ್ತೀನಿ. ಅಲ್ಲಿ ಚರಂಡಿ ಮೇಲಿನ ಇಟ್ಟಿಗೆ, ಕಲ್ಲು ತೆಗೆದು ಮತ್ತೆ ಮುಚ್ಚೋ ಹಂಗಿದ್ವು. ನಡುವೆ ಅಲ್ಲಲ್ಲಿ ಹೂಳು ಕೂರಲಿ ಅಂತ ಗುಂಡಿಗಳಿದ್ವು. ಅಗೆದವರಿಗೆ ಚರಂಡಿ ಪಕ್ಕದಲ್ಲೇ ಮರಳಿನ ಸಣ್ಣ ಸಣ್ಣ ಗುಡ್ಡೆ ಸಿಕ್ಕಿದ್ವು. ಅಂದ್ರೆ ಯಾರೋ ಚರಂಡಿ ಬಳಿದು, ಹೂಳು ಮೇಲೆ ಹಾಕಿ, ಅಲ್ಲೇ ಬಿಟ್ಟು ಹೋಗಿದ್ದಾರೆ. ನಮ್ಮ ಬೀದಿಯಲ್ಲಿ ಈಗಲೂ ಮಳೆಗಾಲಕ್ಕೆ ಮುಂಚೆ ಹಂಗೇ ಬಿದ್ದಿರ್ತೈತಲ್ಲ, ಡಿಟ್ಟೋ.

ಆ ಗುಡ್ಡೆ ಹಾಕಿದೋನು ಯಾರು ಅಂತ ಹೇಳೋಕೆ ಆಗಲ್ಲ. ಆ ಲಿಪಿಯನ್ನೇ ಇನ್ನೂ ಓದೋಕಾಗಿಲ್ಲ.

(3/5)
ಈಗ ನಮ್ಮ ಸೀಮೆಗೆ ಬರೋಣ, ಇಲ್ಲಿ ಓದೋಕಾಗೋ ಶಾಸನ ಬೇಕಾದಷ್ಟವೆ. ನೀರು ಹೋಗೋ ಕಿಂಡಿಗೆ ನಮ್ಮ ಅಜ್ಜಿ 'ತೂಬು' ಅಂತಾಳೆ. ಕೆರೆಯಿಂದ ಗದ್ದೆಗೆ ನೀರು ಬಿಡೋ ಬಾಗಿಲಿಗೂ ತೂಬು ಅಂತಲೇ ಹೆಸರು. ಕೆರೆ ತೂಬಿನದೂ ಬಚ್ಚಲ ತೂಬಿನದೂ ರೋಗ ಒಂದೇ, ಹೂಳು.

ಬಿಕಾಂ ಫ್ರೆಂಡ್ಸ್, ಕಾಪಿಟಲ್ ಎಕ್ಸ್‌ಪೆಂಡಿಚರ್, ರೆವಿನ್ಯೂ ಎಕ್ಸ್‌ಪೆಂಡಿಚರ್ ನೆನಪೈತಾ? ಕೆರೆ ಕಟ್ಟೋದು ಮೊದಲನೇದು, ವರ್ಷಾ ವರ್ಷ ಹೂಳು ತೆಗೆಯೋದು ಎರಡನೇದು. ಹಳೇ ಶಾಸನಗಳು ಎರಡಕ್ಕೂ ಲೆಕ್ಕ ಇಟ್ಟಿದ್ವು. ಕೆರೆ ಕಟ್ಟಿದವರಿಗೆ, ಅದನ್ನ ನೋಡ್ಕೊಳ್ಳೋರಿಗೆ ಭೂಮಿ ಬಿಡ್ತಿದ್ರು. ಬಿತ್ತುವಟ್ಟ, ಕಟ್ಟುಗೊಡಗೆ ಅನ್ನೋ ಪದಗಳು ಬರೋದು ಅಲ್ಲೇ. ಆ ಹೊಲದ ಉತ್ಪತ್ತಿಯಲ್ಲಿ ಏರಿ ರಿಪೇರಿ, ಹೂಳೆತ್ತೋ ಕೆಲಸ ನಡೀಬೇಕು. ಈಗ ನಾವು ಉದ್ಘಾಟನೆ ಕಲ್ಲು ಹಾಕ್ತೀವಿ, ಮೇಂಟೆನೆನ್ಸ್ ಕಾಲಂ ಖಾಲಿ ಬಿಡ್ತೀವಿ. ಇದು ನನ್ನ ಅಭಿಪ್ರಾಯ, ಬೈಬೇಡಿ.

ಆದ್ರೆ ಆ ಕಾಲವೇನೂ ಸ್ವರ್ಗ ಅಲ್ಲ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ, ಈಗಿನ ಕಡಪ ಜಿಲ್ಲೆಯ ಪೊರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ ಶಾಸನ 1369ರದ್ದು. 1000 ಜನ ಕೂಲಿಯವರು, 100 ಗಾಡಿ, 2 ವರ್ಷ ಅಂತ ಕ್ಲಿಯರ್ ಆಗಿ ಬರೆದೈತಿ. ರಾಜಕುಮಾರನ ಹೆಸರೈತಿ. ಆ ಸಾವಿರ ಜನ ಬರೀ ನಂಬರ್. ನಮ್ಮ ಕಡೆ ತೂಬು ಎತ್ತಿ ಇಳಿಸೋ ನೀರಗಂಟಿ ಕೆಲಸ ಬಹಳ ಊರುಗಳಲ್ಲಿ ದಲಿತ ಮನೆತನಗಳದ್ದು. ನೀರು ಹಂಚೋನು ಅವನೇ, ಊರ ಬಾವಿ ಮುಟ್ಟಬಾರದವನೂ ಅವನೇ.

ಹಂಪಿಗೆ ಟ್ರಿಪ್ ಹೋದಾಗ ರಾಣಿ ಸ್ನಾನಗೃಹದಲ್ಲಿ ಎಲ್ಲರೂ ಬಾಲ್ಕನಿ ಫೋಟೋ ಹಾಕ್ತೀವಿ. ಸುಮಾರು 15 ಮೀಟರ್ ಚೌಕದ ಕೊಳ, ಸುತ್ತ ಕಂದಕ, ಒಳಗೆ ನೀರು ತರೋ ಕಾಲುವೆ. ಮುಂದಿನ ಸಲ ಆ ಕಾಲುವೆಯನ್ನೂ ಬಗ್ಗಿ ನೋಡ್ರಿ. 1980ರ ದಶಕದಲ್ಲಿ ಅಗೆದಾಗ ಸಿಕ್ಕ ಮೆಟ್ಟಿಲು ಪುಷ್ಕರಣಿಯಲ್ಲಿ ಕಪ್ಪು ಕಲ್ಲಿನ ಮೇಲೆ, ಯಾವ ಕಲ್ಲು ಎಲ್ಲಿ ಕೂರಬೇಕು ಅಂತ ಕಲ್ಲುಕುಟಿಗರು ಹಾಕಿದ ಗುರುತು ಇವತ್ತಿಗೂ ಕಾಣ್ತವೆ. ಕಟ್ಟಿದ ಕೈಯ ಗುರುತು ಅಷ್ಟಾದ್ರೂ ಉಳೀತು.

ಇನ್ನೊಂದು ಮಾತು, ತಪ್ಪು ತಿಳ್ಕೋಬೇಡಿ. ಈಶ್ವರನ ಗುಡಿ ಸುತ್ತುವಾಗ ಅಭಿಷೇಕದ ನೀರು ಹೊರಗೆ ಬೀಳೋ ಕಲ್ಲಿನ ದೋಣಿ ನೋಡಿರ್ತೀರಿ. ಅದನ್ನ ದಾಟಬಾರದು ಅಂತ ಹಿಂದಕ್ಕೆ ತಿರುಗ್ತೀವಿ, ಆ ನೀರು ಕಣ್ಣಿಗೊತ್ಕೊಂತೀವಿ. ದೇವರು ಮಿಂದ ನೀರಿಗೆ ಅಷ್ಟು ಮರ್ಯಾದೆ ಕೊಡೋ ನಾವು, ನಮ್ಮ ಬಚ್ಚಲ ನೀರು ಬಳಿಯೋನಿಗೆ ಲೋಟದಲ್ಲಿ ನೀರು ಕೊಡೋಕೆ ಯೋಚ್ನೆ ಮಾಡ್ತೀವಿ.

(4/5)
ಅಜ್ಜಿ ಕಾಲದ ಬಚ್ಚಲು: ಬಂಡೆ ಹಾಸಿದ ನೆಲ, ಮೂಲೆಯಲ್ಲಿ ಹಂಡೆ, ಗೋಡೆ ಬುಡಕ್ಕೆ ಒಂದು ತೂತು. ನೀರು ಸೀದಾ ಹಿತ್ತಲ ಬಾಳೆಗಿಡಕ್ಕೆ. ಕಟ್ಕೊಂಡ್ರೆ ಕಸಬರಿಗಿ ಕಡ್ಡಿ ಸಾಕು. ರಾತ್ರಿ ಹಾವು, ಹೆಗ್ಗಣ ಬರಬಾರದು ಅಂತ ಆ ತೂತಿಗೆ ಹಳೇ ಅರಿವಿ ತುರುಕಿ ಮಲಗ್ತಿದ್ರಂತೆ.

"ಕಡ್ಡಿ ಹಾಕಿ ತೆಗೀತಿದ್ದೋರು ಯಾರಜ್ಜಿ?" ಅಂದೆ.
"ಯಾರಂದ್ರೇನು? ಸೊಸಿ."

ಆ ಅರಿವಿ ಮಾಡ್ತಿದ್ದ ಕೆಲಸ ಈಗ ನೀರೇ ಮಾಡ್ತೈತಿ. 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಅನ್ನೋ ಗಡಿಯಾರ ಮಾಡೋ ಮನುಷ್ಯ ಲಂಡನ್‌ನಲ್ಲಿ ಟಾಯ್ಲೆಟ್‌ಗೆ ಪೇಟೆಂಟ್ ತಗೊಂಡ. ಪೈಪನ್ನ ಬಳುಕಿಸಿದ್ರೆ ಬಾಗಿದ ಕಡೆ ಸ್ವಲ್ಪ ನೀರು ಯಾವಾಗಲೂ ನಿಲ್ತೈತಿ, ಗಬ್ಬು ವಾಸನೆ ಮೇಲೆ ಬರಲ್ಲ. ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ 'ನಹಾನಿ ಟ್ರ್ಯಾಪ್' ಅಂತ ಕೇಳ್ತೀವಲ್ಲ, ಬಚ್ಚಲ ನೆಲದಡಿ ಕೂರೋದು, ಅದೇ ಐಡಿಯಾ. ಮರಾಠಿಯಲ್ಲಿ ನ್ಹಾಣಿ ಅಂದ್ರೆ ಬಚ್ಚಲು. ವಾಸನೆ ತಡೆಯೋ ಆ ಬಾಗೇ ಕೂದಲನ್ನೂ ತಡೆದು ಹಿಡ್ಕೊಂತೈತಿ. ಮೊದಲು ಕಣ್ಣೆದುರಿಗಿದ್ದ ಕಸ ಟೈಲ್ಸ್ ಕೆಳಗೆ ಹೋತು.

ಜೊತೆಗೆ ಸೋಪು ಬಂತು. ಸೀಗೆಕಾಯಿ, ಕಡ್ಲೆಹಿಟ್ಟು ಹಚ್ಕೊಂತಿದ್ದ ಕಾಲಕ್ಕೆ ಈ ಬಿಳಿ ಜಿಡ್ಡು ಇರಲಿಲ್ಲ. ನಮ್ಮದು ಬೋರ್ ನೀರು, ಗಡಸು. ನಲ್ಲಿ ಮೇಲೆ ಬಿಳಿ ಪೊರೆ ಕಟ್ಟೋದು ನೋಡಿರ್ತೀರಿ. ಆ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿಗೆ ಸೇರಿ ಕರಗದ ಜಿಡ್ಡಾಗ್ತೈತಿ, ಅದು ಕೂದಲಿಗೆ ಅಂಟ್ಕೊಂತೈತಿ. ಹಂಗಾಗಿ ಸುಮ್ನೆ ನೀರು ಸುರಿದ್ರೆ ಹೋಗಲ್ಲ, ಮೊದಲು ಕೂದಲನ್ನ ಕೈಯಿಂದಲೇ ಎಳೀಬೇಕು. ಸೀರಿಯಸ್ ಆಗಿ ಒಂದು ಮಾತು: ಆಸಿಡ್, ಬ್ಲೀಚಿಂಗ್ ಪೌಡರ್ ಎರಡೂ ಒಟ್ಟಿಗೆ ಹಾಕಬೇಡಿ. ಕ್ಲೋರಿನ್ ಗ್ಯಾಸ್ ಬರ್ತೈತಿ, ಬಾಗಿಲು ಹಾಕಿದ ಸಣ್ಣ ಬಚ್ಚಲಲ್ಲಿ ಜೀವಕ್ಕೇ ಅಪಾಯ.

(5/5)
ನಮ್ಮನಿ ಪೈಪು ಗೇಟ್ ದಾಟಿದ ಮೇಲೆ ಏನು? ಚರಂಡಿ, ಗುಂಡಿ, ಮ್ಯಾನ್‌ಹೋಲ್. ಅಲ್ಲಿ ಸೊಸಿ ಇಲ್ಲ, 'ಯಾರನ್ನಾರ' ಇದಾರೆ.

ದೇವರಾಜ ಅರಸು ಸರ್ಕಾರದಲ್ಲಿ ಬಿ. ಬಸವಲಿಂಗಪ್ಪ ಸಚಿವರಾಗಿದ್ದಾಗ, 1970ರ ದಶಕದಲ್ಲಿ, ನಮ್ಮ ರಾಜ್ಯದಲ್ಲಿ ತಲೆ ಮೇಲೆ ಮಲ ಹೊರೋದನ್ನ ನಿಷೇಧಿಸಿದ್ರು. ದೇಶದ ಕಾನೂನು ಬಂದಿದ್ದು 1993ರಲ್ಲಿ. ಆಮೇಲೂ, 2010ರಲ್ಲಿ, ಹಡಗಲಿಯಿಂದ ಹೊಳೆ ದಾಟಿದ್ರೆ ಸಿಗೋ ಹಾವೇರಿ ಜಿಲ್ಲೆಯ ಸವಣೂರಲ್ಲಿ ಭಂಗಿ ಸಮುದಾಯದವರು, ತಾವು ವಾಸ ಇದ್ದ ಜಾಗ ಬಿಡಿಸೋಕೆ ಹೊರಟಾಗ, ಮೈಮೇಲೆ ಮಲ ಸುರ್ಕೊಂಡು ಪ್ರತಿಭಟನೆ ಮಾಡಿದ್ರು. ಆಗ ನಾವೆಲ್ಲ ಇನ್ನೂ ಅಂಗನವಾಡಿ ವಯಸ್ಸಿನವರು. 2013ರಲ್ಲಿ ಇನ್ನೊಂದು ಕಾನೂನು ಬಂತು, ರಕ್ಷಣಾ ಸಲಕರಣೆ ಇಲ್ಲದೆ ಮ್ಯಾನ್‌ಹೋಲ್, ಸೆಪ್ಟಿಕ್ ಟ್ಯಾಂಕ್‌ಗೆ ಜನರನ್ನ ಇಳಿಸೋದು ಅಪರಾಧ. ಅಲ್ಲಿ ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸ್ತು. ಮೊತ್ತ ಏರಿಸಬೇಕಾಗಿ ಬಂತು ಅಂದ್ರೆ, ಇಳಿಸೋದು ನಿಂತಿಲ್ಲ ಅಂತಲೇ ಅರ್ಥ.

ಭಾನುವಾರ ನಾನು ತೆಗೆದ ಉಂಡೆಯಲ್ಲಿದ್ದ ಕೂದಲು ನಂದು, ಅಕ್ಕಂದು, ಅವ್ವಂದು. ಅಪ್ಪಂದು ಕಮ್ಮಿ, ಅವರಿಗೆ ಕೂದಲೇ ಕಮ್ಮಿ. ಅವ್ವ ಕ್ಯಾಲೆಂಡರ್‌ನಲ್ಲಿ ಪ್ರತಿ ತಿಂಗಳ ಮೊದಲ ಭಾನುವಾರಕ್ಕೆ ಗುರುತು ಹಾಕ್ಯಾಳೆ. ಮುಂದಿನ ತಿಂಗಳ ಪಾಳಿ ಅಪ್ಪಂದು.

ನಿಮ್ಮ ಅಜ್ಜಿ ಬಚ್ಚಲ ತೂತಿಗೆ ಏನಂತಾರೆ? ತೂಬಾ, ಹರಿಯಾ, ಮೋರಿಯಾ? ಊರ ಹೆಸರು ಸೇರಿಸಿ ಕಾಮೆಂಟ್ ಮಾಡ್ರಿ. ಕೂಡ್ಲಿಗಿಯವರು ಒಂದಂದ್ರೆ ಹರಪನಹಳ್ಳಿಯವರು ಇನ್ನೊಂದು ಅಂತಾರೆ ಅಂತ ನನ್ನ ಅನುಮಾನ.

#ಬಚ್ಚಲಹಿಸ್ಟರಿ #ಕೊಟ್ಟೂರು #ಕೂಡ್ಲಿಗಿ #ಹಗರಿಬೊಮ್ಮನಹಳ್ಳಿ #ಹಡಗಲಿ #ಹರಪನಹಳ್ಳಿ