ಸಚಿವರ ಹೈಬ್ರಿಡ್ ಕಾರು ಬಿ.ಜಿ. ಕೆರೆ ದಾರಿಯಲ್ಲಿ ಎಷ್ಟು ಮೈಲೇಜ್ ಕೊಡುತ್ತೆ?

2023ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ಸಚಿವರ ಓಡಾಟಕ್ಕೆ 33 ಟೊಯೊಟಾ ಇನ್ನೋವಾ ಹೈಕ್ರಾಸ್ ಹೈಬ್ರಿಡ್ ಕಾರುಗಳನ್ನು ಕೊಳ್ಳಲು ಒಪ್ಪಿಗೆ ಕೊಟ್ಟಿತು. ಮೊತ್ತ 9.90 ಕೋಟಿ ರೂಪಾಯಿ, ಅಂದರೆ ಒಂದಕ್ಕೆ 30 ಲಕ್ಷ. ಮುಂದಿನ ತಿಂಗಳೇ ಚಿತ್ರದುರ್ಗ ಜಿಲ್ಲೆಯೂ ಸೇರಿ 195 ತಾಲ್ಲೂಕುಗಳಲ್ಲಿ ಬರ ಘೋಷಣೆಯಾಯಿತು. ಬರದ ಹೊಸ್ತಿಲಲ್ಲಿ ಐಷಾರಾಮಿ ಎಸ್‌ಯುವಿ ಬೇಕಿತ್ತಾ ಅನ್ನೋ ಜಗಳ ನಡೆದು, ಕೆಲವು ದಿನಕ್ಕೆ ತಣ್ಣಗಾಯಿತು. ಆ ಜಗಳವೆಲ್ಲ ಕೊಳ್ಳುವ ಬೆಲೆಯ ಬಗ್ಗೆ. ಕೊಂಡ ಮೇಲೆ ವರ್ಷಗಟ್ಟಲೆ ಹಾಕಬೇಕಾದ ಪೆಟ್ರೋಲ್ ಬಗ್ಗೆ ಮಾತು ಕಡಿಮೆ. 'ಹೈಬ್ರಿಡ್' ಎಂಬ ಪದವೇ ಆ ಪ್ರಶ್ನೆಗೆ ಉತ್ತರ ಅನ್ನೋ ಹಾಗೆ.

ಉತ್ತರ ಅದಲ್ಲ. ಹೈಬ್ರಿಡ್ ಕಾರಿನ ಮೈಲೇಜ್ ಒಂದೇ ಒಂದು ಅಂಕಿ ಅಲ್ಲ. ಅದೇ ಕಾರು ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಒಂದು ಲೆಕ್ಕ ಕೊಟ್ಟರೆ, ಚಳ್ಳಕೆರೆ ದಾಟಿ ಬಿ.ಜಿ. ಕೆರೆ ಕಡೆ ಓಡುವಾಗ ಇನ್ನೊಂದು ಕೊಡುತ್ತೆ. ಯಾಕೆ ಅಂತ ಗೊತ್ತಿದ್ದರೆ, ಸರ್ಕಾರ ಯಾವ ಅಂಕಿಯನ್ನು ನಂಬಿ ತೆರಿಗೆ ಮತ್ತು ನಿಯಮ ಮಾಡುತ್ತಿದೆ ಅನ್ನೋದನ್ನೂ ಪ್ರಶ್ನೆ ಮಾಡಬಹುದು.

23.24 ಎಲ್ಲಿಂದ ಬಂತು?

ಬಿಡದಿಯಲ್ಲಿ ತಯಾರಾಗುವ ಹೈಕ್ರಾಸ್ ಹೈಬ್ರಿಡ್‌ಗೆ ಕಂಪನಿ ಹೇಳುವ ಮೈಲೇಜ್ ಲೀಟರಿಗೆ 23.24 ಕಿ.ಮೀ. ಅದೇ ಕಾರಿನ ಬರೀ ಪೆಟ್ರೋಲ್ ಮಾದರಿಗೆ 16.13. (ಕಂಪನಿಯ ಲೆಕ್ಕದಲ್ಲಿ ಇದು ಎಂಪಿವಿ, ಜನರ ಬಾಯಲ್ಲಿ ಎಸ್‌ಯುವಿ. ಎದುರು ಗಾಳಿಗೆ ಎರಡೂ ಒಂದೇ.)

ಈ ಅಂಕಿ ರಸ್ತೆಯಲ್ಲಿ ಹುಟ್ಟಿದ್ದಲ್ಲ. ಪ್ರಯೋಗಾಲಯದಲ್ಲಿ ಕಾರನ್ನು ರೋಲರ್‌ಗಳ ಮೇಲೆ ನಿಲ್ಲಿಸಿ, ಪರಿಷ್ಕೃತ ಭಾರತೀಯ ಚಾಲನಾ ಚಕ್ರ ಎಂಬ ಸಿದ್ಧ ವೇಳಾಪಟ್ಟಿಯಂತೆ ಓಡಿಸುತ್ತಾರೆ. ಒಟ್ಟು 1,180 ಸೆಕೆಂಡು, ಅಂದರೆ ಇಪ್ಪತ್ತು ನಿಮಿಷಕ್ಕೂ ಕಡಿಮೆ. ಕ್ರಮಿಸುವ ದೂರ ಹನ್ನೊಂದು ಕಿ.ಮೀ.ಗಿಂತ ಕಡಿಮೆ. ಸರಾಸರಿ ವೇಗ ಗಂಟೆಗೆ ಸುಮಾರು 32 ಕಿ.ಮೀ., ಗರಿಷ್ಠ 90. ಎಸಿ ಆಫ್. ಹೊಗೆಯಲ್ಲಿರುವ ಇಂಗಾಲವನ್ನು ಅಳೆದು, ಎಷ್ಟು ಪೆಟ್ರೋಲ್ ಸುಟ್ಟಿತು ಅಂತ ಲೆಕ್ಕ ಹಾಕುತ್ತಾರೆ.

ಇದರಲ್ಲಿ ಮೋಸ ಏನೂ ಇಲ್ಲ. ಎಲ್ಲ ಕಾರುಗಳಿಗೂ ಒಂದೇ ಪರೀಕ್ಷೆ ಇದ್ದರೆ ಹೋಲಿಕೆ ಸಾಧ್ಯ. ಆದರೆ ನಿಧಾನ ಓಟ, ಪದೇಪದೇ ನಿಲ್ಲಿಸುವುದು, ಎಸಿ ಇಲ್ಲದಿರುವುದು, ಈ ಮೂರೂ ಹೈಬ್ರಿಡ್‌ಗೆ ಹೇಳಿ ಮಾಡಿಸಿದ ಪರಿಸ್ಥಿತಿ.

ಹೈಬ್ರಿಡ್ ಉಳಿಸೋದು ಎಲ್ಲಿ?

ಹೈಕ್ರಾಸ್‌ಗೆ ಚಾರ್ಜರ್ ಚುಚ್ಚಲು ಆಗಲ್ಲ. ಅದರ ಶಕ್ತಿಯೆಲ್ಲ ಕೊನೆಗೂ ಪೆಟ್ರೋಲ್ ಟ್ಯಾಂಕಿನಿಂದಲೇ ಬರಬೇಕು. ಉಳಿತಾಯಕ್ಕೆ ಮುಖ್ಯವಾಗಿ ಮೂರು ದಾರಿ.

ಒಂದು, ಬ್ರೇಕ್. ಜನ ತುಂಬಿದ ಎರಡು ಟನ್ ಕಾರು ಗಂಟೆಗೆ 50 ಕಿ.ಮೀ. ವೇಗದಲ್ಲಿದ್ದಾಗ ಅದರಲ್ಲಿ ಸುಮಾರು 190 ಕಿಲೋಜೂಲ್ ಚಲನಶಕ್ತಿ ಇರುತ್ತೆ. ಅದನ್ನು ಹುಟ್ಟಿಸಲು ಸುಮಾರು 18 ಮಿ.ಲೀ. ಪೆಟ್ರೋಲ್ ಬೇಕು, ಮೂರೂವರೆ ಟೀ ಚಮಚದಷ್ಟು. ಮಾಮೂಲಿ ಕಾರು ಸಿಗ್ನಲ್‌ನಲ್ಲಿ ಬ್ರೇಕ್ ಹಾಕಿದಾಗ ಅಷ್ಟೂ ಬ್ರೇಕ್ ಪ್ಯಾಡಿನ ಬಿಸಿಯಾಗಿ ಹೋಗುತ್ತೆ. ಹೈಬ್ರಿಡ್‌ನಲ್ಲಿ ಮೋಟಾರು ಜನರೇಟರ್ ಆಗಿ ತಿರುಗಿ, ಅದರಲ್ಲೊಂದು ದೊಡ್ಡ ಪಾಲನ್ನು ಬ್ಯಾಟರಿಗೆ ತುಂಬುತ್ತೆ.

ಎರಡು, ನಿಂತಾಗ ಎಂಜಿನ್ ಆಫ್. ಟ್ರಾಫಿಕ್ಕಿನಲ್ಲಿ ಕಾಯುವ ಕಾರಿಗೆ, ಸಭೆಯ ಹೊರಗೆ ಎಸಿ ಹಾಕಿಕೊಂಡು ನಿಂತ ಸಚಿವರ ಕಾರಿಗೆ, ಇದು ನಿಜವಾದ ಉಳಿತಾಯ.

ಮೂರು, ಎಂಜಿನ್ ಮಿತವ್ಯಯದಲ್ಲಿ ದುಡಿಯುವ ಹದ. ಆಟ್ಕಿನ್ಸನ್ ಚಕ್ರದ ಎಂಜಿನ್ ತನ್ನ ಒಳ್ಳೆಯ ಸ್ಥಿತಿಯಲ್ಲಿ ಇಂಧನದ ಸುಮಾರು 40% ಶಕ್ತಿಯನ್ನು ಕೆಲಸಕ್ಕೆ ತಿರುಗಿಸಬಲ್ಲದು. ಮೋಟಾರು ಜೊತೆಗಿರುವುದರಿಂದ ಎಂಜಿನ್ನನ್ನು ಆ ಸ್ಥಿತಿಯ ಹತ್ತಿರವೇ ಇಡಬಹುದು.

ಮೊದಲ ಎರಡೂ ನಿಲ್ಲುವ, ಹೊರಡುವ ಓಟದ ಲಾಭಗಳು. ಬ್ರೇಕ್ ಹಾಕದ ದಾರಿಯಲ್ಲಿ ಮರಳಿ ಪಡೆಯಲು ಏನೂ ಇಲ್ಲ.

ಬಿ.ಜಿ. ಕೆರೆ ದಾರಿಯ ಲೆಕ್ಕ

ಬೆಂಗಳೂರಿನಿಂದ ಬಳ್ಳಾರಿಗೆ ಹೋಗುವವರು ಹಿರಿಯೂರಿನವರೆಗೆ 48ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು, ಅಲ್ಲಿಂದ 150ಎ ಹೆದ್ದಾರಿಗೆ ತಿರುಗುತ್ತಾರೆ. ಚಳ್ಳಕೆರೆ, ತಳಕು ದಾಟಿದರೆ ಮೊಳಕಾಲ್ಮೂರು ತಾಲ್ಲೂಕಿನ ಬಿ.ಜಿ. ಕೆರೆ. ಮುಂದೆ ಹಾನಗಲ್, ರಾಂಪುರ. ಬಯಲುಸೀಮೆ, ಶೇಂಗಾ ಹೊಲ, ಬಿಸಿಲು, ಗಾಳಿ. ಊರುಗಳ ನಡುವೆ ಬ್ರೇಕ್ ತುಳಿಯುವ ಪ್ರಸಂಗ ಕಡಿಮೆ, ಎಸಿ ಆಫ್ ಮಾಡುವ ಪ್ರಸಂಗ ಇನ್ನೂ ಕಡಿಮೆ.

ಇಲ್ಲಿ ಕಾರು ಹೋರಾಡಬೇಕಾದ್ದು ಮುಖ್ಯವಾಗಿ ಗಾಳಿಯ ಜೊತೆ. ಗಾಳಿಯ ಪ್ರತಿರೋಧ ವೇಗದ ವರ್ಗದಷ್ಟು ಏರುತ್ತೆ. 80ರಿಂದ 120ಕ್ಕೆ ಹೋದರೆ ವೇಗ ಒಂದೂವರೆ ಪಟ್ಟು, ಗಾಳಿಯ ತಡೆ ಎರಡೂಕಾಲು ಪಟ್ಟು. ಎತ್ತರದ, ಅಗಲದ ಎಸ್‌ಯುವಿಗೆ ಈ ದಂಡ ಸೆಡಾನ್‌ಗಿಂತ ಜಾಸ್ತಿ.

ಒಂದು ಸರಳ ಲೆಕ್ಕ ಹಾಕೋಣ. ಇದು ಯಾವುದೇ ಕಾರಿನ ಪರೀಕ್ಷಾ ಫಲಿತಾಂಶ ಅಲ್ಲ, ಈ ಗಾತ್ರದ ಹೈಬ್ರಿಡ್‌ಗೆ ಭೌತಶಾಸ್ತ್ರ ಕೊಡುವ ಅಂದಾಜು. ಜನರೂ ಸೇರಿ ತೂಕ ಎರಡು ಟನ್, ಗಾಳಿಗೆ ಒಡ್ಡುವ ಪರಿಣಾಮಕಾರಿ ವಿಸ್ತೀರ್ಣ 0.9 ಚದರ ಮೀಟರ್, ಎಸಿಗೆ ಒಂದೂವರೆ ಕಿಲೋವ್ಯಾಟ್, ಟ್ಯಾಂಕಿನಿಂದ ಚಕ್ರದವರೆಗಿನ ದಕ್ಷತೆ 33% ಎಂದಿಟ್ಟುಕೊಳ್ಳಿ. ಸಮತಟ್ಟು ರಸ್ತೆ, ಒಂದೇ ವೇಗ, ಶುದ್ಧ ಪೆಟ್ರೋಲ್.

ಗಂಟೆಗೆ 80 ಕಿ.ಮೀ. ವೇಗದಲ್ಲಿ: ಲೀಟರಿಗೆ ಸುಮಾರು 21 ಕಿ.ಮೀ.
ಗಂಟೆಗೆ 100 ಕಿ.ಮೀ. ವೇಗದಲ್ಲಿ: ಸುಮಾರು 17 ಕಿ.ಮೀ.
ಗಂಟೆಗೆ 120 ಕಿ.ಮೀ. ವೇಗದಲ್ಲಿ: ಸುಮಾರು 13 ಕಿ.ಮೀ.

ಎದುರುಗಾಳಿ ಬೀಸಿದರೆ ಇನ್ನೂ ಕೆಳಗೆ. ಅಂದರೆ ಒಂದೇ ಕಾರಿನ ಎರಡು ಓಟಗಳ ನಡುವಿನ ಅಂತರವೇ ಎಂಟು ಕಿ.ಮೀ. ಹೈಬ್ರಿಡ್ ಮತ್ತು ಪೆಟ್ರೋಲ್ ಮಾದರಿಗಳಿಗೆ ಕಂಪನಿ ಹೇಳುವ ಅಂಕಿಗಳ ನಡುವಿನ ಅಂತರ ಏಳು ಕಿ.ಮೀ. ಮಾತ್ರ. ಹೆದ್ದಾರಿಯಲ್ಲಿ ಮೈಲೇಜ್ ತೀರ್ಮಾನಿಸುವುದು ಡಿಕ್ಕಿಯ ಮೇಲಿನ ಹೈಬ್ರಿಡ್ ಬ್ಯಾಡ್ಜ್‌ಗಿಂತ ಆಕ್ಸಲರೇಟರ್ ಮೇಲಿನ ಪಾದ. ಬೆಂಗಾವಲಿನ ಜೊತೆ ನುಗ್ಗುವ ಕಾರಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯ.

ಟ್ಯಾಂಕಿನಲ್ಲಿರೋದು ಪೂರ್ತಿ ಪೆಟ್ರೋಲ್ ಅಲ್ಲ

ಈಗ ಬಂಕ್‌ಗಳಲ್ಲಿ ಸಿಗುವುದು ಇ20, ಅಂದರೆ 20% ಎಥನಾಲ್ ಬೆರೆತ ಪೆಟ್ರೋಲ್. ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿನ ಮೂರನೇ ಎರಡರಷ್ಟು ಮಾತ್ರ. ಲೆಕ್ಕ ಹಾಕಿದರೆ ಇ20 ಲೀಟರೊಂದರಲ್ಲಿ ಶುದ್ಧ ಪೆಟ್ರೋಲಿಗಿಂತ ಸುಮಾರು 7% ಕಡಿಮೆ ಶಕ್ತಿ ಇರುತ್ತೆ. ಹಳೆಯ ವಿನ್ಯಾಸದ ನಾಲ್ಕು ಚಕ್ರದ ವಾಹನಗಳಿಗೆ ಮೈಲೇಜ್ 6ರಿಂದ 7% ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಇ20ಗೆ ಹೊಂದಿಸಿದ ಎಂಜಿನ್‌ಗಳಲ್ಲಿ ಇಳಿಕೆ ಕಡಿಮೆ. ಪೂರ್ತಿ 7% ಕಳೆದರೆ ಮೇಲಿನ 17 ಕಿ.ಮೀ. 15.8ರ ಆಸುಪಾಸಿಗೆ ಬರುತ್ತೆ.

ಎಲ್ಲ ಹೈಬ್ರಿಡ್ ಒಂದೇ ಅಲ್ಲ

ಒಂದೇ ಪದ, ಮೂರು ಬೇರೆ ಯಂತ್ರ. 'ಮೈಲ್ಡ್ ಹೈಬ್ರಿಡ್'ನಲ್ಲಿ ಮೋಟಾರು ಎಂಜಿನ್‌ಗೆ ಕೈಜೋಡಿಸುತ್ತೆ ಅಷ್ಟೇ, ಕಾರನ್ನು ಒಂಟಿಯಾಗಿ ಎಳೆಯಲ್ಲ. 'ಸ್ಟ್ರಾಂಗ್ ಹೈಬ್ರಿಡ್' ಅಂದರೆ ಹೈಕ್ರಾಸ್ ಥರದ್ದು. ಸ್ವಲ್ಪ ದೂರ ಬ್ಯಾಟರಿಯಲ್ಲೇ ಓಡಬಲ್ಲದು. 'ಪ್ಲಗ್-ಇನ್ ಹೈಬ್ರಿಡ್'ಗೆ ದೊಡ್ಡ ಬ್ಯಾಟರಿ, ಹೊರಗಿನ ಚಾರ್ಜಿಂಗ್.

ಕಾಗದಕ್ಕೂ ರಸ್ತೆಗೂ ಅತಿ ದೊಡ್ಡ ಕಂದಕ ಇರುವುದು ಮೂರನೆಯದರಲ್ಲಿ. ವೋಲ್ವೋದ ಐಷಾರಾಮಿ ಎಸ್‌ಯುವಿ ಎಕ್ಸ್‌ಸಿ90ರ ಟಿ8 ಪ್ಲಗ್-ಇನ್ ಮಾದರಿಗೆ ಯುರೋಪಿನ ಹಳೆಯ ಪರೀಕ್ಷೆ ಕೊಟ್ಟ ಅಂಕಿ ನೂರು ಕಿ.ಮೀ.ಗೆ 2.1 ಲೀಟರ್, ನಮ್ಮ ಲೆಕ್ಕದಲ್ಲಿ ಲೀಟರಿಗೆ ಸುಮಾರು 48 ಕಿ.ಮೀ. ಎರಡು ಟನ್ ಮೀರಿದ ಕಾರಿಗೆ! ಬ್ಯಾಟರಿ ತುಂಬಿಸಿ ಶುರು ಮಾಡಿದ ಓಟಕ್ಕೆ ಆ ಪರೀಕ್ಷೆ ದೊಡ್ಡ ಮಹತ್ವ ಕೊಡುತ್ತಿತ್ತು. ಚಾರ್ಜ್ ಮಾಡದೆ ಓಡಿಸಿದರೆ ಅದು ಭಾರದ ಬ್ಯಾಟರಿ ಹೊತ್ತ ಪೆಟ್ರೋಲ್ ಕಾರು.

ಜನ ನಿಜಕ್ಕೂ ಹೇಗೆ ಓಡಿಸುತ್ತಾರೆ? ಯುರೋಪ್ ಅಳೆದು ನೋಡಿತು. 2021ರಿಂದ ಅಲ್ಲಿನ ಹೊಸ ಕಾರುಗಳಲ್ಲಿ ಸುಟ್ಟ ಇಂಧನವನ್ನು ದಾಖಲಿಸುವ ಮಾಪಕ ಕಡ್ಡಾಯ. ಆ ದತ್ತಾಂಶದ ಮೇಲೆ ಯುರೋಪಿಯನ್ ಕಮಿಷನ್ 2024ರ ಮಾರ್ಚ್‌ನಲ್ಲಿ ಪ್ರಕಟಿಸಿದ ವರದಿ ಪ್ರಕಾರ, ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳು ಅಧಿಕೃತ ಅಂಕಿಗಿಂತ ಸುಮಾರು 20% ಹೆಚ್ಚು ಕುಡಿಯುತ್ತಿದ್ದವು. ಪ್ಲಗ್-ಇನ್ ಹೈಬ್ರಿಡ್‌ಗಳು ಮೂರೂವರೆ ಪಟ್ಟು.

ಇದು ಬರೀ ಕಾರಿನ ವಿಷಯ ಯಾಕಲ್ಲ?

ಯಾಕೆಂದರೆ ಪ್ರಯೋಗಾಲಯದ ಅಂಕಿ ಷೋರೂಮಿನ ಗೋಡೆಯಲ್ಲಿ ನಿಲ್ಲಲ್ಲ, ಕಾನೂನಿನ ಒಳಗೆ ಬರುತ್ತೆ. ಕಾರು ಕಂಪನಿಗಳು ಮಾರುವ ಎಲ್ಲ ಕಾರುಗಳ ಸರಾಸರಿ ಇಂಗಾಲದ ಡೈಆಕ್ಸೈಡ್‌ಗೆ ಕೇಂದ್ರ ಸರ್ಕಾರ ಮಿತಿ ಹಾಕಿದೆ. 2022ರ ಏಪ್ರಿಲ್‌ನಿಂದ ಅದು ಕಿ.ಮೀ.ಗೆ ಸುಮಾರು 113 ಗ್ರಾಂ. 23.24 ಮೈಲೇಜ್ ಅಂದರೆ ಸುಮಾರು 100 ಗ್ರಾಂ, ಪಾಸ್. ಲೀಟರಿಗೆ 17 ಕಿ.ಮೀ. ಅಂದರೆ ಸುಮಾರು 136 ಗ್ರಾಂ. ಮೇಲಾಗಿ ಈ ಲೆಕ್ಕದಲ್ಲಿ ಸ್ಟ್ರಾಂಗ್ ಹೈಬ್ರಿಡ್ ಒಂದನ್ನು ಎರಡು ಕಾರು ಎಂದು ಎಣಿಸುವ ರಿಯಾಯಿತಿಯೂ ಇದೆ. ಹೊಗೆಯ ಹೊಣೆಯನ್ನು ನಿಜವಾದ ಹೊಗೆಯ ಮೇಲೆ ಅಲ್ಲ, ಇಪ್ಪತ್ತು ನಿಮಿಷದ ಪರೀಕ್ಷೆಯ ಹೊಗೆಯ ಮೇಲೆ ಹಂಚುತ್ತಿದ್ದೇವೆ.

ತೆರಿಗೆ ನೋಡಿ. 2025ರ ಸೆಪ್ಟೆಂಬರ್ 22ಕ್ಕೆ ಮುಂಚೆ ದೊಡ್ಡ ಎಸ್‌ಯುವಿಗೆ ಸೆಸ್ ಸೇರಿ 50% ತೆರಿಗೆ ಇದ್ದರೆ, ದೊಡ್ಡ ಹೈಬ್ರಿಡ್‌ಗೆ 43%. ಈಗ ಎರಡಕ್ಕೂ 40%. ಎಲೆಕ್ಟ್ರಿಕ್ ಕಾರಿಗೆ 5%. ಅಂದರೆ ಹೈಬ್ರಿಡ್‌ಗಿದ್ದ ರಿಯಾಯಿತಿ ಸದ್ದಿಲ್ಲದೆ ಮಾಯವಾಯಿತು, ಪೆಟ್ರೋಲ್ ಕುಡಿಯುವ ದೊಡ್ಡ ಎಸ್‌ಯುವಿಗೆ ಹತ್ತು ಅಂಶ ಇಳಿಕೆ ಸಿಕ್ಕಿತು. ಹೈಬ್ರಿಡ್ ರಸ್ತೆಯಲ್ಲಿ ಎಷ್ಟು ಉಳಿಸುತ್ತೆ ಎಂಬ ದತ್ತಾಂಶ ಎದುರಿಗಿದ್ದರೆ ಈ ತೀರ್ಮಾನ ಸರಿಯೋ ತಪ್ಪೋ ಅಂತ ವಾದಿಸಬಹುದಿತ್ತು. ಯುರೋಪಿನ ಥರದ ಸರ್ಕಾರಿ ವರದಿ ನಮ್ಮಲ್ಲಿ ಬಂದಿಲ್ಲ. ಹಾಗಾಗಿ ಹೈಬ್ರಿಡ್ ಪರ ಇರುವವರೂ ವಿರೋಧಿಗಳೂ ಅದೇ ಪ್ರಯೋಗಾಲಯದ ಅಂಕಿ ಹಿಡಿದು ಗುದ್ದಾಡುತ್ತಾರೆ.

ಜನಸಾಮಾನ್ಯರ ಜೇಬಿನ ಲೆಕ್ಕವೂ ಇದೆ. ಪೆಟ್ರೋಲ್ ಲೀಟರಿಗೆ 103 ರೂಪಾಯಿ ಎಂದುಕೊಂಡರೆ, ಕಂಪನಿ ಹೇಳುವ ಅಂಕಿಗಳ ಪ್ರಕಾರವೇ ಹೈಕ್ರಾಸ್ ಹೈಬ್ರಿಡ್ ತನ್ನ ಪೆಟ್ರೋಲ್ ಮಾದರಿಗಿಂತ ಕಿ.ಮೀ.ಗೆ 1.95 ರೂಪಾಯಿ ಉಳಿಸುತ್ತೆ. ಹೈಬ್ರಿಡ್‌ಗೆ ಹೆಚ್ಚು ಕೊಟ್ಟ ಪ್ರತಿ ಒಂದು ಲಕ್ಷ ವಾಪಸ್ ಬರಲು 51 ಸಾವಿರ ಕಿ.ಮೀ. ಓಡಿಸಬೇಕು. ದಿನವಿಡೀ ನಗರದಲ್ಲಿ ಓಡುವ ಟ್ಯಾಕ್ಸಿಗೆ ಇದು ಲಾಭ. ತಿಂಗಳಿಗೊಮ್ಮೆ ಊರಿಗೆ ಬಂದು ಹೋಗುವ ಕುಟುಂಬಕ್ಕೆ ಬಹಳ ವರ್ಷದ ಕಾಯುವಿಕೆ.

ನಿಜವಾದ ಅಂಕಿ ಎಲ್ಲಿದೆ?

ನಿಮ್ಮದೇ ಕಾರಿನದಾದರೆ ಟ್ಯಾಂಕಿನಲ್ಲಿದೆ. ಡ್ಯಾಶ್‌ಬೋರ್ಡಿನ ಸರಾಸರಿಯನ್ನೇ ನಂಬಿ ಕೂರಬೇಡಿ. ಒಂದೇ ಬಂಕ್‌ನಲ್ಲಿ, ಗನ್ ತಾನಾಗಿ ಕಟ್ ಆಗುವವರೆಗೆ ಫುಲ್ ಟ್ಯಾಂಕ್ ಮಾಡಿಸಿ, ಓಡೋಮೀಟರ್ ಬರೆದಿಟ್ಟುಕೊಳ್ಳಿ. ಮುಂದಿನ ಸಲವೂ ಹಾಗೇ ತುಂಬಿಸಿ, ಓಡಿದ ಕಿ.ಮೀ.ಯನ್ನು ಹಾಕಿದ ಲೀಟರ್‌ನಿಂದ ಭಾಗಿಸಿ. ಒಂದು ಸಲದ್ದು ಸಾಲದು, ಮೂರು ಟ್ಯಾಂಕ್‌ಗಳ ಸರಾಸರಿ ಬೇಕು. ನಗರ ಮತ್ತು ಹೆದ್ದಾರಿ ಬೇರೆಬೇರೆ ಬರೆಯಿರಿ. ಟೈರ್ ಗಾಳಿ ಕಡಿಮೆ ಇದ್ದರೆ, ಮೇಲೆ ಲಗೇಜ್ ಕ್ಯಾರಿಯರ್ ಇದ್ದರೆ ಅಂಕಿ ಇಳಿಯುತ್ತೆ ಅನ್ನೋದು ನೆನಪಿರಲಿ.

ಸಚಿವರ ಕಾರುಗಳದಾದರೆ ಲಾಗ್ ಬುಕ್‌ನಲ್ಲಿದೆ. ಸರ್ಕಾರಿ ವಾಹನ ಎಷ್ಟು ಓಡಿತು, ಎಷ್ಟು ಇಂಧನ ಹಾಕಿಸಿತು ಎಂದು ಬರೆದಿಡಲೇಬೇಕು. 33 ಕಾರು, ಒಂದೇ ಮಾದರಿ, ನಗರ ಮತ್ತು ಹೆದ್ದಾರಿ ಎರಡೂ ಓಟ. ಕರ್ನಾಟಕದಲ್ಲಿ ಹೈಬ್ರಿಡ್‌ನ ನಿಜ ಮೈಲೇಜ್‌ಗೆ ಇದಕ್ಕಿಂತ ಒಳ್ಳೆಯ ಸಾರ್ವಜನಿಕ ಪ್ರಯೋಗ ಸಿಗಲ್ಲ. ಖರ್ಚು ಈಗಾಗಲೇ ನಾವೇ ಕೊಟ್ಟಾಗಿದೆ.

ಅಂತರದ ಬೆಲೆ ಎಷ್ಟಿರಬಹುದು? ಪ್ರತಿ ಕಾರು ತಿಂಗಳಿಗೆ 3,000 ಕಿ.ಮೀ. ಓಡುತ್ತೆ ಎಂದುಕೊಳ್ಳಿ. ಲೀಟರಿಗೆ 23.24ರ ಬದಲು 15.5 ಕಿ.ಮೀ. ಸಿಕ್ಕರೆ, 33 ಕಾರುಗಳಿಗೆ ವರ್ಷಕ್ಕೆ ಸುಮಾರು 25,500 ಲೀಟರ್ ಹೆಚ್ಚು ಬೇಕು. ದುಡ್ಡಿನಲ್ಲಿ 26 ಲಕ್ಷ ರೂಪಾಯಿ ಮೇಲೆ. ಬಹುತೇಕ ಇನ್ನೊಂದು ಹೈಕ್ರಾಸ್.

ಮಾಹಿತಿ ಹಕ್ಕು ಕಾಯ್ದೆಯಡಿ ಇದನ್ನು ಯಾರು ಬೇಕಾದರೂ ಕೇಳಬಹುದು. ಶುಲ್ಕ ಹತ್ತು ರೂಪಾಯಿ. ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, 150 ಪದ ಮೀರದಂತಿರಲಿ. ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆಗೆ ಹಾಕಿ. ಮಾಹಿತಿ ಬೇರೆ ಇಲಾಖೆಯಲ್ಲಿದ್ದರೆ ಸೆಕ್ಷನ್ 6(3)ರ ಪ್ರಕಾರ ಐದು ದಿನದೊಳಗೆ ಅವರೇ ವರ್ಗಾಯಿಸಬೇಕು. ಉತ್ತರಕ್ಕೆ ಮೂವತ್ತು ದಿನ. ಯಾವ ದಿನ, ಯಾವ ದಾರಿ ಅಂತ ಕೇಳಲು ಹೋಗಬೇಡಿ, ಭದ್ರತೆಯ ಕಾರಣ ಕೊಟ್ಟು ತಳ್ಳಿಹಾಕಬಹುದು. ಕೇಳಬೇಕಾದ್ದು ಎರಡೇ: ಪ್ರತಿ ಕಾರು ತಿಂಗಳಿಗೆ ಓಡಿದ ಒಟ್ಟು ಕಿ.ಮೀ., ಹಾಕಿಸಿದ ಒಟ್ಟು ಲೀಟರ್. ಭಾಗಾಕಾರ ನಾವು ಮಾಡಿಕೊಳ್ಳೋಣ.