ಬದುವಿನಾಚೆಯ ಒಂದು ಸಾಲು

ಎಡಿನ್‌ಬರೋ ವಿಶ್ವವಿದ್ಯಾಲಯದ ಇಪಿಸಿಸಿ ಕೇಂದ್ರದಲ್ಲಿ ಸೂಪರ್‌ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯಲು ಕಲಿಸುವ ಕೆಲವೇ ದಿನಗಳ ಕೋರ್ಸುಗಳು ನಡೆಯುತ್ತವೆ. ಅಲ್ಲಿನ ಒಂದು ಹಳೆಯ ಅಭ್ಯಾಸ ಹೀಗಿದೆ. ಒಂದು ಕಪ್ಪು-ಬಿಳುಪು ಚಿತ್ರದಲ್ಲಿ ಆಕೃತಿಗಳ ಅಂಚಿನ ಗೆರೆಗಳಷ್ಟೇ ಉಳಿದಿವೆ. ಅದರಿಂದ ಮೂಲ ಚಿತ್ರವನ್ನು ಮರಳಿ ಪಡೆಯಬೇಕು. ಪ್ರತಿ ಸುತ್ತಿನಲ್ಲೂ ಒಂದೊಂದು ಚುಕ್ಕೆಯ ಹೊಸ ಬೆಲೆಯನ್ನು ಅದರ ನಾಲ್ಕು ಮಗ್ಗುಲಿನ ಚುಕ್ಕೆಗಳಿಂದ ಲೆಕ್ಕ ಹಾಕುತ್ತಾರೆ. ಚಿತ್ರವನ್ನು ಪಟ್ಟಿಗಳಾಗಿ ಸೀಳಿ ಪ್ರೊಸೆಸರುಗಳಿಗೆ ಹಂಚಿದ ಕೂಡಲೇ ತೊಡಕು ಶುರು. ಪಟ್ಟಿಯ ಅಂಚಿನ ಚುಕ್ಕೆಗೆ ಬೇಕಾದ ನೆರೆಯ ಚುಕ್ಕೆ ಇನ್ನೊಂದು ಪ್ರೊಸೆಸರಿನ ಮೆಮೊರಿಯಲ್ಲಿದೆ. ಪಾಲಾದ ಹೊಲದ ಹಾಗೆ: ಬದುವಿನಾಚೆಯ ಒಂದು ಸಾಲಿನ ಸುದ್ದಿ ತಿಳಿಯದೆ ಈಚೆಯವನ ಕೆಲಸ ಮುಂದೆ ಸಾಗದು. ಆದ್ದರಿಂದ ಪ್ರತಿ ಸುತ್ತಿಗೂ ನೆರೆಹೊರೆಯವರು ಅಂಚಿನ ಸಾಲನ್ನು ಪರಸ್ಪರ ಕಳಿಸಿಕೊಳ್ಳಬೇಕು. ಆ ಎರವಲು ಸಾಲಿಗೆ ಹೇಲೋ ಎಂದು ಹೆಸರು.

ಈ ಪಾಠಕ್ಕೆ ಇಂಥದೊಂದು ಸ್ಥಿರ ರೂಪ ಬರಲು ಕಾಲ ಹಿಡಿಯಿತು.

ಎಡಿನ್‌ಬರೋದಲ್ಲಿ ಇಂಥ ಸಮಾಂತರ ಲೆಕ್ಕವನ್ನು ಹಚ್ಚಿಕೊಂಡವರು ಮೊದಲಿಗೆ ಭೌತವಿಜ್ಞಾನಿಗಳು. 1980ರ ದಶಕದ ಆರಂಭದಲ್ಲಿ ಡೇವಿಡ್ ವಾಲೆಸ್, ಕೆನ್ ಬೌಲರ್ ಮುಂತಾದವರು ಐಸಿಎಲ್ ಕಂಪನಿಯ ಡಿಎಪಿ ಯಂತ್ರದ ಮೇಲೆ ಕಣಭೌತಶಾಸ್ತ್ರದ ಲೆಕ್ಕ ಓಡಿಸುತ್ತಿದ್ದರು. ಅದರಲ್ಲಿ 4,096 ಪುಟ್ಟ ಪ್ರೊಸೆಸರುಗಳು. ಒಂದೊಂದೂ ಒಮ್ಮೆಗೆ ಒಂದೇ ಬಿಟ್ ಮುಟ್ಟುವಂಥದು, ಎಲ್ಲವೂ ಒಂದೇ ಅಪ್ಪಣೆಗೆ ಒಟ್ಟಿಗೆ ಹೆಜ್ಜೆ ಹಾಕುವಂಥವು. ದಶಕದ ಕೊನೆಗೆ ಮೈಕೋ ಕಂಪನಿಯ ಕಂಪ್ಯೂಟಿಂಗ್ ಸರ್ಫೇಸ್ ಬಂತು. ಅದರೊಳಗಿದ್ದದ್ದು ಇನ್‌ಮಾಸ್ ಕಂಪನಿಯ ಟ್ರಾನ್ಸ್‌ಪ್ಯೂಟರ್ ಚಿಪ್ಪುಗಳು. ಒಂದೊಂದು ಚಿಪ್ಪಿಗೂ ನಾಲ್ಕು ಕೊಂಡಿ. ನಾಲ್ಕು ನೆರೆಯವರ ಜತೆ ಅದು ನೇರ ಮಾತಾಡಬಲ್ಲದು. ಪುಣೆಯ ಸಿ-ಡ್ಯಾಕ್ 1991ರಲ್ಲಿ ಕಟ್ಟಿದ ಪರಮ್ 8000 ಸೂಪರ್‌ಕಂಪ್ಯೂಟರ್ ನಿಂತದ್ದೂ ಇದೇ ಟ್ರಾನ್ಸ್‌ಪ್ಯೂಟರುಗಳ ಮೇಲೆ. ಬೆಂಗಳೂರಿನ ಎನ್‌ಎಎಲ್ ಅದಕ್ಕೂ ಮೊದಲೇ, 1986ರಲ್ಲಿ, ಗಾಳಿಯ ಹರಿವಿನ ಲೆಕ್ಕಕ್ಕೆಂದು ಫ್ಲೋಸಾಲ್ವರ್ ಕಟ್ಟಿತ್ತು. ದೇಶ ಬೇರೆಯಾದರೂ ಪಾಡು ಒಂದೇ: ಯಂತ್ರ ನಿಂತಿದೆ, ಅದನ್ನು ಪಳಗಿಸಬಲ್ಲವರು ಬೆರಳೆಣಿಕೆಯಷ್ಟು.

1990ರಲ್ಲಿ ಇಪಿಸಿಸಿ ಹುಟ್ಟಿತು. ಆಗ ಕೋರ್ಸು ಎಂದರೆ ಒಂದು ನಿರ್ದಿಷ್ಟ ಯಂತ್ರದ ಭಾಷೆಯ ಕೋರ್ಸು. ಟ್ರಾನ್ಸ್‌ಪ್ಯೂಟರಿಗೆ ಆಕಮ್, ಇನ್ನೊಂದು ಕಂಪನಿಯ ಯಂತ್ರಕ್ಕೆ ಇನ್ನೊಂದು ಲೈಬ್ರರಿ. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದಲ್ಲಿ 1989ರಲ್ಲಿ ಶುರುವಾದ ಪಿವಿಎಂ ಲೈಬ್ರರಿ ಒಂದು ಕಡೆ. ಎಡಿನ್‌ಬರೋದವರು ತಾವೇ ಮಾಡಿಕೊಂಡ ಚಿಂಪ್ ಇನ್ನೊಂದು ಕಡೆ. ವಾನರನ ಹೆಸರು ಹೊತ್ತ ಚಿಂಪ್ ಕೆಲಸಕ್ಕೇನೂ ಕಡಿಮೆಯಿರಲಿಲ್ಲ. ಆದರೆ ಲೈಬ್ರರಿ ಬದಲಾದರೆ ಪ್ರೋಗ್ರಾಮೂ ಹಳತು, ಪಾಠದ ಟಿಪ್ಪಣಿಯೂ ಹಳತು.

1992ರ ಏಪ್ರಿಲ್‌ನಲ್ಲಿ ವರ್ಜೀನಿಯಾದ ವಿಲಿಯಮ್ಸ್‌ಬರ್ಗ್‌ನಲ್ಲಿ ಸೇರಿದ ಕಮ್ಮಟವೊಂದು ಈ ಭಾಷಾಗೊಂದಲಕ್ಕೆ ಮದ್ದು ಹುಡುಕಿತು. ಕಂಪನಿಗಳು, ಪ್ರಯೋಗಾಲಯಗಳು, ವಿಶ್ವವಿದ್ಯಾಲಯಗಳು ಕೂಡಿ 1994ರಲ್ಲಿ ಎಂಪಿಐ, ಅಂದರೆ ಮೆಸೇಜ್ ಪಾಸಿಂಗ್ ಇಂಟರ್‌ಫೇಸ್, ಎಂಬ ಮಾನಕವನ್ನು ಹೊರತಂದವು. ಎಡಿನ್‌ಬರೋದವರೂ ಆ ಪಂಕ್ತಿಯಲ್ಲಿ ಕೂತಿದ್ದರು. ತಮ್ಮ ಚಿಂಪನ್ನು ಬಿಟ್ಟುಕೊಟ್ಟು ಎಂಪಿಐ ಹಿಡಿದರು. ಮಾನಕದಲ್ಲಿ ನೂರಕ್ಕೂ ಮಿಕ್ಕ ಕರೆಗಳಿದ್ದರೂ ಆರಂಭಕ್ಕೆ ಆರು ಸಾಕು ಎಂಬುದು ಮೇಷ್ಟ್ರುಗಳ ವಾಡಿಕೆಯ ಮಾತು: ಶುರು, ಮುಕ್ತಾಯ, ಒಟ್ಟು ಎಷ್ಟು ಜನ, ಅವರಲ್ಲಿ ನಾನು ಎಷ್ಟನೆಯವನು, ಕಳಿಸು, ಪಡೆ.

ಕೆಲವೇ ದಿನಗಳ ಕೋರ್ಸು ಸಾಧ್ಯವಾದದ್ದೇ ಈ ಆರರಿಂದ. ಮೊದಲ ಅಭ್ಯಾಸ ನಮಸ್ಕಾರ ಹೇಳಿಸುವುದು. ಹದಿನಾರು ಪ್ರೊಸೆಸರುಗಳು ಹದಿನಾರು ಸಾಲು ಮುದ್ರಿಸುತ್ತವೆ. ಮೂರನೆಯದು ಹನ್ನೊಂದರ ನಂತರ, ಮತ್ತೆ ಓಡಿಸಿದರೆ ಬೇರೆ ಕ್ರಮ. ಪ್ರೋಗ್ರಾಂ ಅಂದರೆ ಮೇಲಿನಿಂದ ಕೆಳಕ್ಕೆ ಸಾಗುವ ಸರಣಿ ಎಂದು ನಂಬಿ ಬಂದವರಿಗೆ ಅಲ್ಲೇ ಮೊದಲ ಪೆಟ್ಟು. ಎರಡನೆಯದು ಪೈ ಬೆಲೆ: ಉದ್ದನೆಯ ಮೊತ್ತವನ್ನು ಪಾಲು ಮಾಡಿ, ಚೂರುಗಳನ್ನು ಒಬ್ಬನ ಬಳಿ ಕೂಡಿಸುವುದು. ಆಮೇಲೆ ಇಬ್ಬರ ನಡುವೆ ಚೆಂಡಾಟದಂತೆ ಸಂದೇಶ ಓಡಾಡಿಸಿ ವೇಗ ಅಳೆಯುವುದು. ಈ ಹೊತ್ತಿಗೆ ಯಾರಾದರೊಬ್ಬರ ಪ್ರೋಗ್ರಾಂ ಗಕ್ಕನೆ ನಿಂತಿರುತ್ತದೆ. ದೋಷದ ಸಂದೇಶವಿಲ್ಲ, ಉತ್ತರವೂ ಇಲ್ಲ. ಇಬ್ಬರೂ ಒಬ್ಬರಿಗೊಬ್ಬರು ಒಂದೇ ಗಳಿಗೆಗೆ ಫೋನ್ ಹಚ್ಚಿದರೆ ಇಬ್ಬರಿಗೂ ಎಂಗೇಜ್ ಟೋನ್ ಬರುತ್ತದಲ್ಲ, ಹಾಗೆ. ಇದಕ್ಕೆ ಡೆಡ್‌ಲಾಕ್ ಎನ್ನುತ್ತಾರೆ. ಪುಸ್ತಕದಲ್ಲಿ ಓದಿದ್ದಕ್ಕಿಂತ ಒಮ್ಮೆ ಸಿಕ್ಕಿಹಾಕಿಕೊಂಡು ಕಲಿತದ್ದೇ ಗಟ್ಟಿ. ಎದುರಿಗೆ ಮೇಷ್ಟ್ರು ಇರಬೇಕಾದದ್ದು ಇಂಥ ಗಳಿಗೆಗೇ.

ಜೀನ್ ಆಮ್‌ಡಾಲ್ 1967ರಲ್ಲಿ ಮುಂದಿಟ್ಟ ವಾದದ ಪಾಠವೂ ಇಲ್ಲೇ. ಮದುವೆಮನೆಯಲ್ಲಿ ತರಕಾರಿ ಹೆಚ್ಚಲು ನೂರು ಕೈ ಸೇರಬಹುದು. ಹುಳಿ ಕುದಿಯಲು ಮಾತ್ರ ಅದರ ಹೊತ್ತು ಅದಕ್ಕೆ ಬೇಕು. ಕೆಲಸದ ಶೇ 5ರಷ್ಟು ಹಂಚಲಾಗದ್ದಾದರೆ, ಎಷ್ಟು ಸಾವಿರ ಪ್ರೊಸೆಸರು ಸುರಿದರೂ ವೇಗ 20 ಪಟ್ಟು ದಾಟುವುದಿಲ್ಲ.

ಎಡಿನ್‌ಬರೋದಲ್ಲೇ ಈ ವಿದ್ಯೆಯಲ್ಲಿ ಪಳಗಿದ ಕೆನಡಾದ ಗ್ರೆಗ್ ವಿಲ್ಸನ್ 1995ರಲ್ಲಿ ಸಮಾಂತರ ಪ್ರೋಗ್ರಾಮಿಂಗ್ ಬಗ್ಗೆ ದಪ್ಪ ಪುಸ್ತಕವನ್ನೇ ಬರೆದ. ಆದರೆ ಅವನಿಗೆ ಕಂಡ ಕೊರತೆ ಬೇರೆ. ಸಾವಿರ ಪ್ರೊಸೆಸರು ಬೇಕೆಂದು ಬರುವ ವಿಜ್ಞಾನಿಗಳಿಗೆ ತಮ್ಮ ಪ್ರೋಗ್ರಾಮಿನ ಹಳೆಯ ಆವೃತ್ತಿಗಳನ್ನು ಕಾಪಿಡುವುದಾಗಲಿ, ಪರೀಕ್ಷಿಸುವುದಾಗಲಿ ಯಾರೂ ಹೇಳಿಕೊಟ್ಟಿರಲಿಲ್ಲ. 1998ರಲ್ಲಿ ಅವನೂ ಬ್ರೆಂಟ್ ಗೋರ್ಡಾನೂ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಸಾಫ್ಟ್‌ವೇರ್ ಕಾರ್ಪೆಂಟ್ರಿ ಎಂಬ ಕಿರುಕೋರ್ಸು ಶುರು ಮಾಡಿದರು. ಹೆಸರೇ ಹೇಳುವಂತೆ ಬಡಗಿ ಕೆಲಸ: ಗೋಪುರ ಎಬ್ಬಿಸುವುದಲ್ಲ, ಹಲಗೆ ನೇರ ಕೊಯ್ಯುವುದು. ಸೂಪರ್‌ಕಂಪ್ಯೂಟರ್ ಜಗತ್ತು ಹಡೆದ ಮಕ್ಕಳಲ್ಲಿ ಲೋಕೋಪಯೋಗಿಯಾದದ್ದು ಪ್ರಾಯಶಃ ಇದೇ.

ಎಡಿನ್‌ಬರೋದಲ್ಲಿ ಯಂತ್ರಗಳು ಮಾತ್ರ ಬಂದು ಹೋಗುತ್ತಲೇ ಇದ್ದವು. 1994ರಲ್ಲಿ ಕ್ರೇ ಟಿ3ಡಿ, 2007ರಲ್ಲಿ ಹೆಕ್ಟರ್, 2013ರಲ್ಲಿ ಆರ್ಚರ್, 2021ರಲ್ಲಿ 7,50,080 ಕೋರುಗಳ ಆರ್ಚರ್2. ಆರ್ಚರ್ ಕಾಲದಲ್ಲಿ ಡ್ರೈವಿಂಗ್ ಟೆಸ್ಟ್ ಎಂಬುದೂ ಬಂತು: ಆನ್‌ಲೈನ್ ಪ್ರಶ್ನೆಗಳಿಗೆ ಸರಿಯುತ್ತರ ಕೊಟ್ಟ ಹೊಸಬರಿಗೆ ಆ ಯಂತ್ರದ ಮೇಲೆ ಒಂದಿಷ್ಟು ಹೊತ್ತು ಓಡಿಸಲು ಪರವಾನಗಿ. ಕೋವಿಡ್ ಬಂದಾಗ ತರಗತಿಗಳು ಪರದೆಗೆ ಸರಿದವು. ಡೆಡ್‌ಲಾಕ್‌ನಲ್ಲಿ ಸಿಕ್ಕಿಕೊಂಡವನ ಬೆನ್ನ ಹಿಂದೆ ನಿಂತು ನೋಡುತ್ತಿದ್ದ ಮೇಷ್ಟ್ರು ಆಗ ಸ್ಕ್ರೀನ್ ಶೇರ್ ಮಾಡು ಎನ್ನಬೇಕಾಯಿತು.